ಕೆನರಾ ಕ್ಷೇತ್ರದ ಲೆಕ್ಕವನ್ನು ನಮ್ಮ ಕೈಗೆ ಕೊಡಿ

ಇವರಿಗೆ,
ಜಿಲ್ಲಾ ಚುನಾವಣಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ
ಹಾಗೂ ಘಟ್ಟದ ಮೇಲಿನ, ಘಟ್ಟದ ಕೆಳಗಿನ ಎಲ್ಲ ಮತದಾರ ಬಂಧುಗಳಿಗೆ

ಮಾನ್ಯರೇ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. 1952ರಿಂದ 2004ರವರೆಗೆ ನಮ್ಮ ಲೋಕಸಭಾ ಕ್ಷೇತ್ರದ ಹೆಸರು ಕೆನರಾ ಎಂದಿತ್ತು. ಆ ಹೆಸರಿನಲ್ಲಿ 14 ಮಹಾಚುನಾವಣೆ ನಡೆದವು. ಅವುಗಳ ಪೂರ್ತಿ ಲೆಕ್ಕ ಒಂದೇ ಕನ್ನಡ ಪುಸ್ತಕದಲ್ಲಿ ಬರಬೇಕು. ಯಾರು ನಿಂತರು, ಯಾರಿಗೆ ಎಷ್ಟು ವೋಟು ಬಿತ್ತು, ಯಾವ ಚುನಾವಣೆಯಲ್ಲಿ ಕ್ಷೇತ್ರದ ಗಡಿ ಎಲ್ಲಿತ್ತು, ಎಲ್ಲವೂ ಅದರಲ್ಲಿರಬೇಕು. 2009ರಿಂದ ಉತ್ತರ ಕನ್ನಡ ಎಂಬ ಹೆಸರಿನಲ್ಲಿ ನಡೆದ ನಾಲ್ಕು ಚುನಾವಣೆಗಳನ್ನೂ ಕೊನೆಗೆ ಸೇರಿಸಿ. ಪುಸ್ತಕವನ್ನು ಪ್ರತಿ ತಾಲೂಕಿನ ಗ್ರಂಥಾಲಯದಲ್ಲಿಡಿ. ಮುಂದಿನ ಕ್ಷೇತ್ರ ಮರುವಿಂಗಡಣೆಯ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸುವ ಕೆಲಸ ನಮ್ಮ ಜಿಲ್ಲೆಗೆ ಬರುವ ಮೊದಲು ಇದು ಜನರ ಕೈಯಲ್ಲಿರಬೇಕು.

ಹಳೆಯ ಚುನಾವಣೆಗಳ ಲೆಕ್ಕ ಈಗ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

1952ರ ಮೊದಲ ಚುನಾವಣೆಯ ಹೊತ್ತಿಗೆ ನಾವು ಮುಂಬೈ ರಾಜ್ಯದಲ್ಲಿದ್ದೆವು. 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ ಇದು. ಕನ್ನಡದ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಆ ರಾಜ್ಯ ಕರ್ನಾಟಕ ಎಂಬ ಹೆಸರು ಪಡೆದದ್ದು 1973ರಲ್ಲಿ. ಹೀಗಾಗಿ ನಮ್ಮ ಕ್ಷೇತ್ರದ ಮೊದಲ ಫಲಿತಾಂಶ ಮುಂಬೈ ರಾಜ್ಯದ ಪಟ್ಟಿಯಲ್ಲಿದೆ. 1957ರಿಂದ 1971ರವರೆಗಿನದು ಮೈಸೂರಿನ ಪಟ್ಟಿಯಲ್ಲಿದೆ. ಆಮೇಲಿನದು ಕರ್ನಾಟಕದ ಪಟ್ಟಿಯಲ್ಲಿದೆ. ಚುನಾವಣಾ ಆಯೋಗ ಈ ವರದಿಗಳನ್ನೆಲ್ಲ ಪ್ರಕಟಿಸಿದೆ, ಅದು ಒಳ್ಳೆಯ ಕೆಲಸ. ಆದರೆ ಅಂಕೋಲೆಯ ಒಬ್ಬ ಪಿಯುಸಿ ಹುಡುಗಿ ತನ್ನ ಕ್ಷೇತ್ರದ ಕತೆ ತಿಳಿಯಬೇಕೆಂದರೆ ಮೂರು ರಾಜ್ಯಗಳ ಹೆಸರಿನಲ್ಲಿ ಹುಡುಕಬೇಕು, ಅದೂ ಇಂಗ್ಲಿಷಿನಲ್ಲಿ. ಅವಳ ಊರಿನವರೇ ಹಾಕಿದ ವೋಟು ಅದು. ಅವಳ ಭಾಷೆಯಲ್ಲಿ ಅವಳಿಗೆ ಸಿಗಬೇಕು ಅಲ್ವಾ?

ಮೊದಲ ಮೂರು ಸಲ, ಅಂದರೆ 1952, 1957 ಮತ್ತು 1962ರಲ್ಲಿ, ಇಲ್ಲಿಂದ ಗೆದ್ದವರು ಕಾಂಗ್ರೆಸ್ಸಿನ ಜೋಕಿಂ ಆಳ್ವ. ಉಡುಪಿ ಕಡೆಯ ಬೆಳ್ಳೆಯಲ್ಲಿ ಹುಟ್ಟಿದವರು, ಮುಂಬೈಯಲ್ಲಿ ವಕೀಲಿ ಮಾಡುತ್ತ ಪತ್ರಿಕೆ ನಡೆಸಿದವರು. ಅವರ ಪತ್ನಿ ವಯಲೆಟ್ ಆಳ್ವ ಅದೇ 1952ರಲ್ಲಿ ರಾಜ್ಯಸಭೆಗೆ ಹೋದರು, 1962ರಲ್ಲಿ ಅಲ್ಲಿ ಉಪಸಭಾಪತಿಯಾದರು. ಗಂಡ ಹೆಂಡತಿ ಇಬ್ಬರೂ ಸಂಸತ್ತಿನಲ್ಲಿದ್ದ ಮೊದಲ ಜೋಡಿ ಇವರದು. 2008ರಲ್ಲಿ ಅಂಚೆ ಇಲಾಖೆ ಇಬ್ಬರ ನೆನಪಿಗೆ ಅಂಚೆಚೀಟಿ ತಂದಿತು. ಅವರಲ್ಲಿ ಒಬ್ಬರನ್ನು ಲೋಕಸಭೆಗೆ ಕಳಿಸಿದ್ದು ನಮ್ಮ ಕ್ಷೇತ್ರ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಆ ಮೊದಲ ಚುನಾವಣೆ ಹೇಗಿತ್ತು ಎಂದು ಯೋಚಿಸಿ ನೋಡಿ. ಕಾಳಿ, ಶರಾವತಿ ನದಿಗಳಿಗೆ ಹೆದ್ದಾರಿಯ ಸೇತುವೆ ಇನ್ನೂ ಬಂದಿರಲಿಲ್ಲ. ಕರಾವಳಿಯಲ್ಲಿ ಒಂದು ತಾಲೂಕಿನಿಂದ ಇನ್ನೊಂದಕ್ಕೆ ಹೋಗುವುದೆಂದರೆ ದೋಣಿಯಲ್ಲಿ ತಾರಿ ದಾಟುವುದು. ಆಗಿನ ಪದ್ಧತಿಯಲ್ಲಿ ಚೀಟಿಗೆ ಮುದ್ರೆ ಒತ್ತುವುದೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದು. ಅಂದರೆ ಅಭ್ಯರ್ಥಿಗಳೆಷ್ಟೋ ಅಷ್ಟು ಪೆಟ್ಟಿಗೆಗಳನ್ನು ಪ್ರತಿ ಮತಗಟ್ಟೆಗೆ ಸಾಗಿಸಬೇಕಿತ್ತು. ಸೂಪಾದ ಕಾಡಿನ ಹಳ್ಳಿಗೂ ಅವು ಹೋಗಬೇಕಿತ್ತು. 1957ರಲ್ಲೂ ಇದೇ ಪದ್ಧತಿ ಇತ್ತು. ಆಗ ವೋಟು ಹಾಕಲು 21 ವರ್ಷ ತುಂಬಿರಬೇಕಿತ್ತು. ಲೆಕ್ಕ ಹಾಕಿದರೆ ಆ ಮೊದಲ ಮತದಾರರಲ್ಲಿ ಬದುಕಿರುವವರಿಗೆ ಈಗ 95ರ ಆಸುಪಾಸು. ಕಡಿಮೆ ಎಂದರೆ ಅಷ್ಟು. ಅವರನ್ನು ಮಾತಾಡಿಸಬೇಕೆಂದರೆ ಈ ವರ್ಷವೇ ಮಾತಾಡಿಸಬೇಕು.

ಈಗ 1967ಕ್ಕೆ ಬರುತ್ತೇನೆ. ಈ ಕ್ಷೇತ್ರದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಆ ವರ್ಷದ ಚುನಾವಣೆ. ಆ ಸಲ ಗೆದ್ದವರು ದಿನಕರ ದೇಸಾಯಿ. ಯಾವ ಪಕ್ಷದಿಂದಲೂ ಅಲ್ಲ, ಪಕ್ಷೇತರರಾಗಿ. ಇವತ್ತಿನವರೆಗೆ ನಡೆದ 18 ಚುನಾವಣೆಗಳಲ್ಲಿ ಇಲ್ಲಿಂದ ಪಕ್ಷೇತರರು ಗೆದ್ದದ್ದು ಅದೊಂದೇ ಸಲ.

ದೇಸಾಯಿ ಎಂದರೆ ಎಲ್ಲರಿಗೂ ಚುಟುಕ ನೆನಪಾಗುತ್ತದೆ. ಅದು ಸರಿಯೇ. ಆದರೆ ಜನ ಅವರಿಗೆ ವೋಟು ಹಾಕಿದ್ದು ಚುಟುಕಕ್ಕಾಗಿ ಮಾತ್ರ ಅಲ್ಲ. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ಅವರು ಮುಂಬೈಗೆ ಹೋಗಿ ಭಾರತ ಸೇವಕ ಸಮಾಜ ಸೇರಿದರು. ಅಲ್ಲಿ ಹಡಗಿನ ಕಾರ್ಮಿಕರ ನಡುವೆ ಕೆಲಸ ಮಾಡಿದರು. ಊರಿನ ಗೇಣಿ ರೈತರ ಪರ ನಿಂತು ಹೋರಾಟ ಕಟ್ಟಿದರು. ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ ಹಳ್ಳಿಗಳಿಗೆ ಹೈಸ್ಕೂಲು ತಂದರು. 1966ರಲ್ಲಿ ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಆಯಿತು. ಮರುವರ್ಷವೇ ಚುನಾವಣೆ.

ಅಂಕೋಲೆ ಅಂಥ ಫಲಿತಾಂಶ ಕೊಡಬಲ್ಲ ಮಣ್ಣು. 1930ರ ಉಪ್ಪಿನ ಸತ್ಯಾಗ್ರಹ ಅಲ್ಲಿ ನಡೆಯಿತು. ಅಂಕೋಲಾ, ಸಿದ್ದಾಪುರದ ರೈತರು ಕರ ನಿರಾಕರಿಸಿ ಹೊಲ ಮನೆ ಕಳೆದುಕೊಂಡರು. ಕರ ನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯಂತೆ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಸುಮ್ನೆ ಬಂದದ್ದಲ್ಲ. ಆದರೆ ಅಂಕೋಲೆಯ ವೋಟಿನಿಂದ ಮಾತ್ರ ಲೋಕಸಭೆ ಗೆಲ್ಲಲಾಗದು. ಕುಮಟಾ, ಹೊನ್ನಾವರದ ಮೀನುಗಾರರು ಏನು ಮಾಡಿದರು? ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಒಡೆಯರು, ಅವರ ಗೇಣಿದಾರರು ಯಾರ ಕಡೆ ಹೋದರು? ಹಳಿಯಾಳ ಹೇಗೆ ವೋಟು ಹಾಕಿತು? ವಿಧಾನಸಭಾ ಕ್ಷೇತ್ರವಾರು ಅಂಕಿಗಳನ್ನು ಎದುರಿಗಿಟ್ಟರೆ ಉತ್ತರ ಕಾಣುತ್ತದೆ. ನಾನು ಕೇಳುತ್ತಿರುವ ಪುಸ್ತಕದಲ್ಲಿ 1967ಕ್ಕೆ ಒಂದು ದೊಡ್ಡ ಅಧ್ಯಾಯ ಇರಬೇಕು. ಪಕ್ಷ ಇಲ್ಲದೆ, ಕೆಲಸದ ಬಲದಿಂದ ಒಬ್ಬರು ಗೆಲ್ಲಬಹುದು ಎಂದು ನಮ್ಮ ಜಿಲ್ಲೆ ತೋರಿಸಿಕೊಟ್ಟಿದೆ. ಇಂದಿನ ಹುಡುಗರಿಗೆ ಇದು ಅಂಕಿಗಳ ಸಮೇತ ಗೊತ್ತಾಗಬೇಕು.

1971ರಲ್ಲಿ ಕಾಂಗ್ರೆಸ್ಸಿನ ಬಿ.ವಿ. ನಾಯಕ ಗೆದ್ದರು. ಇಂದಿರಾ ಗಾಂಧಿಯವರ ಅಲೆಯಲ್ಲಿ ಆಗ ರಾಜ್ಯದ 27 ಸ್ಥಾನಗಳೂ ಅವರ ಪಕ್ಷಕ್ಕೇ ಹೋದವು. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗಲೂ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಇಲ್ಲಿ ಬಲ್ಸು ಪುರ್ಸು ಕದಂ ಗೆದ್ದರು. ಆಮೇಲೆ 1980, 1984, 1989, 1991, ನಾಲ್ಕು ಸಲವೂ ಜಿ. ದೇವರಾಯ ನಾಯ್ಕ. ಇಪ್ಪತ್ತೈದು ವರ್ಷ ಒಂದೇ ಪಕ್ಷ. ಇದಕ್ಕೆ ದೊಡ್ಡ ಕಾರಣ 1974ರ ಭೂಸುಧಾರಣೆ ಎಂಬುದು ನನ್ನ ಅಭಿಪ್ರಾಯ. ಗೇಣಿದಾರರು ಇಷ್ಟು ತುಂಬಿದ್ದ ಜಿಲ್ಲೆಗಳು ರಾಜ್ಯದಲ್ಲಿ ಜಾಸ್ತಿ ಇರಲಿಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಉಳುವವರ ಹೆಸರಿಗೆ ಭೂಮಿ ಬಂತು. ಗೇಣಿದಾರರೆಂದು ಡಿಕ್ಲರೇಶನ್ ಅರ್ಜಿ ಕೊಟ್ಟು, ಭೂ ಟ್ರಿಬ್ಯೂನಲ್ ಎದುರು ನಿಂತು ಗದ್ದೆ ಪಡೆದ ಮನೆಗಳು ಅದನ್ನು ಮರೆಯಲಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಆ ನೆನಪು ತೆಳುವಾಯಿತು.

1996ರಲ್ಲಿ ಗಾಳಿ ತಿರುಗಿತು. 1993ರ ಭಟ್ಕಳದ ಗಲಭೆ, ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದ, ಇವೆರಡರ ಬಿಸಿ ಕರಾವಳಿಗೂ ಘಟ್ಟದ ಮೇಲಕ್ಕೂ ಹರಡಿದ್ದ ಹೊತ್ತು. ಇನ್ನೂ ಮೂವತ್ತು ದಾಟದ ಶಿರಸಿಯ ಅನಂತಕುಮಾರ ಹೆಗಡೆ ಬಿಜೆಪಿಯಿಂದ ಗೆದ್ದರು. 1998ರಲ್ಲಿ ಮತ್ತೆ ಅವರೇ. 1999ರಲ್ಲಿ ಕಾಂಗ್ರೆಸ್ಸಿನ ಮಾರ್ಗರೆಟ್ ಆಳ್ವ ಗೆದ್ದರು. ಅವರು ಜೋಕಿಂ ಆಳ್ವರ ಸೊಸೆ. ಮಾವ ಮೂರು ಸಲ ಪ್ರತಿನಿಧಿಸಿದ ಕ್ಷೇತ್ರಕ್ಕೆ 37 ವರ್ಷಗಳ ನಂತರ ಸೊಸೆ ಬಂದರು. 18 ಚುನಾವಣೆಗಳಲ್ಲಿ ಈ ಕ್ಷೇತ್ರದಿಂದ ಗೆದ್ದ ಏಕೈಕ ಮಹಿಳೆ ಅವರು. ಮೀನು ಪೇಟೆಯಿಂದ ಗದ್ದೆಯ ನೆಟ್ಟಿಯವರೆಗೆ ಹೆಂಗಸರ ದುಡಿಮೆಯ ಮೇಲೆ ನಿಂತ ಜಿಲ್ಲೆ ನಮ್ಮದು. ಇಷ್ಟು ವರ್ಷಗಳಲ್ಲಿ ಒಬ್ಬರೇ ಎಂಬುದು ನನಗೆ ನೋವಿನ ಸಂಗತಿ.

2004ರಲ್ಲಿ ಹೆಗಡೆ ಮರಳಿ ಗೆದ್ದರು. ಕೆನರಾ ಎಂಬ ಹೆಸರಿನಲ್ಲಿ ನಡೆದ ಕೊನೆಯ ಚುನಾವಣೆ ಅದು. 2008ರ ಮರುವಿಂಗಡಣೆಯಲ್ಲಿ ಕ್ಷೇತ್ರ ಉತ್ತರ ಕನ್ನಡವಾಯಿತು. 2009ರಲ್ಲಿ ಹೆಗಡೆಯವರೆದುರು ಮಾರ್ಗರೆಟ್ ಆಳ್ವ ಸೋತದ್ದು ಸುಮಾರು 23 ಸಾವಿರ ಮತಗಳಿಂದ. 2019ಕ್ಕೆ ಬಂದರೆ ಹೆಗಡೆಯವರ ಅಂತರ 4,79,649. ಹತ್ತೇ ವರ್ಷದಲ್ಲಿ ಅಂತರ ಇಪ್ಪತ್ತು ಪಟ್ಟು ಹಿಗ್ಗಿತು! 2019ರಲ್ಲಿ ಎದುರಿಗಿದ್ದವರು ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಪರವಾಗಿ ಜೆಡಿಎಸ್‌ನ ಆನಂದ ಅಸ್ನೋಟಿಕರ್. ಕಾಂಗ್ರೆಸ್ಸಿನ ಚಿಹ್ನೆಯೇ ಕಣದಲ್ಲಿರಲಿಲ್ಲ. ಅಂತರದ ಅಂಕಿಯನ್ನು ಮಾತ್ರ ನೋಡಿದರೆ ಇದು ಕಾಣುವುದಿಲ್ಲ. ಅಭ್ಯರ್ಥಿಗಳ ಪೂರ್ತಿ ಪಟ್ಟಿ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. 2024ರಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ, ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್ ಎದುರು 3,37,428 ಮತಗಳಿಂದ ಗೆದ್ದರು.

ಯಾವ ಪಕ್ಷ ಒಳ್ಳೆಯದು ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನನಗೆ ಆತಂಕ ಇರುವುದು ಗಡಿಯ ವಿಚಾರದಲ್ಲಿ.

ಗಡಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಈಗಿನ ಸಂಸದ ಕಾಗೇರಿಯವರ ರಾಜಕೀಯ ಜೀವನವನ್ನೇ ನೋಡಬಹುದು. 1994, 1999, 2004ರಲ್ಲಿ ಅವರು ಶಾಸಕರಾದದ್ದು ಅಂಕೋಲಾ ಕ್ಷೇತ್ರದಿಂದ. 2008ಕ್ಕೆ ಆ ಕ್ಷೇತ್ರವೇ ಇಲ್ಲವಾಯಿತು. ಅವರು ಶಿರಸಿಗೆ ಹೋದರು. ಶಿರಸಿ ಅಲ್ಲಿಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು, ಅದೂ ಸಾಮಾನ್ಯ ಕ್ಷೇತ್ರವಾಯಿತು. ಯಲ್ಲಾಪುರ ಎಂಬ ಕ್ಷೇತ್ರ ಬಂತು. ನಾಯಕರಿಗೆ ಬೇರೆ ಕ್ಷೇತ್ರ ಸಿಕ್ಕಿತು. ಅಂಕೋಲೆಯ ಜನ ಕಾರವಾರದ ಜತೆ ಸೇರಿದರು. ಇವತ್ತು ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಮೀಸಲು ಕ್ಷೇತ್ರ ಇಲ್ಲ. ಲೋಕಸಭಾ ಕ್ಷೇತ್ರಕ್ಕೆ ಸೇರಿದ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರನ್ನೂ ಹಿಡಿದರೆ ಎಂಟರಲ್ಲಿ ಒಂದೂ ಇಲ್ಲ. ಇದನ್ನು ಜಿಲ್ಲೆಯಲ್ಲಿ ಎಷ್ಟು ಜನ ಗಮನಿಸಿದ್ದಾರೆ? ಬನವಾಸಿಯವರು ಶಿರಸಿ ತಾಲೂಕಿನವರು, ಆದರೆ ಅವರ ಶಾಸಕರು ಯಲ್ಲಾಪುರದವರು. ಹೊನ್ನಾವರ ತಾಲೂಕು ಕುಮಟಾ ಮತ್ತು ಭಟ್ಕಳದ ನಡುವೆ ಹಂಚಿಹೋಗಿದೆ. ಅಲ್ಲಿಯ ಒಬ್ಬ ರೈತ ತಾಲೂಕು ಕೆಲಸಕ್ಕೆ ಒಂದು ಕಡೆ, ಶಾಸಕರ ಹತ್ತಿರ ಇನ್ನೊಂದು ಕಡೆ ಓಡಾಡಬೇಕು.

ಲೋಕಸಭೆಯ ಮಟ್ಟದಲ್ಲಂತೂ ಒಬ್ಬ ಸಂಸದರು ಭಟ್ಕಳದ ಬಂದರನ್ನೂ ನೋಡಬೇಕು, ಕಿತ್ತೂರಿನ ಬಯಲನ್ನೂ ನೋಡಬೇಕು. ಮೀನುಗಾರಿಕೆಯ ಡೀಸೆಲ್, ಅಡಿಕೆಯ ಧಾರಣೆ, ಅರಣ್ಯ ಅತಿಕ್ರಮಣದ ಅರ್ಜಿ, ಖಾನಾಪುರದ ಮರಾಠಿ ಶಾಲೆ, ಎಲ್ಲ ಒಂದೇ ಕಚೇರಿಗೆ ಬರುತ್ತದೆ. ಇದು ಸರಿಯಾದ ಜೋಡಣೆಯೋ ಅಲ್ಲವೋ ಎಂದು ವಾದ ಮಾಡಲು ಮೊದಲು ಹಿಂದಿನ ನಕ್ಷೆಗಳು ಬೇಕು. ಯಾವ ಯಾವ ಕಾಲಕ್ಕೆ ಯಾವ ಊರುಗಳು ಜತೆಗಿದ್ದವು ಎಂಬುದು ಕಣ್ಣಿಗೆ ಕಾಣಬೇಕು.

ಮುಂದಿನ ಮರುವಿಂಗಡಣೆ ದೂರ ಇಲ್ಲ. 2001ರ 84ನೇ ತಿದ್ದುಪಡಿಯ ಪ್ರಕಾರ ಲೋಕಸಭೆಯಲ್ಲಿ ರಾಜ್ಯಗಳ ಸ್ಥಾನದ ಲೆಕ್ಕವನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಟ್ಟುವಂತಿರಲಿಲ್ಲ. ಮಹಿಳಾ ಮೀಸಲಾತಿಯ 2023ರ 106ನೇ ತಿದ್ದುಪಡಿಯೂ ಜನಗಣತಿ ಮತ್ತು ಮರುವಿಂಗಡಣೆಯನ್ನು ನಂಬಿಕೊಂಡೇ ಬಂತು. ಹಾಗಾಗಿ ಗಡಿ, ಮೀಸಲಾತಿ ಎರಡೂ ಒಟ್ಟಿಗೆ ನಮ್ಮ ಮುಂದೆ ಬರಬಹುದು. ಕಳೆದ ಸಲ ಆಯೋಗ ಮೊದಲು ಕರಡು ಪ್ರಕಟಿಸಿತು, ಆಕ್ಷೇಪಣೆ ಕರೆಯಿತು, ಸಾರ್ವಜನಿಕ ಸಭೆ ನಡೆಸಿತು. ಕಾನೂನಿನಲ್ಲೇ ಆ ಅವಕಾಶ ಇತ್ತು. ಆದರೆ ಅಂತಿಮ ಆದೇಶ ಬಂದ ಮೇಲೆ ಕೋರ್ಟಿನಲ್ಲಿ ಪ್ರಶ್ನಿಸಲು ಸಂವಿಧಾನದ 329ನೇ ವಿಧಿ ಸಾಮಾನ್ಯವಾಗಿ ಬಿಡುವುದಿಲ್ಲ. ಅಂದರೆ ಜನ ಮಾತಾಡಬೇಕಾದ್ದು ಕರಡಿನ ಹಂತದಲ್ಲೇ. ಆಗ ಕೈಯಲ್ಲಿ ಕಾಗದ ಇಲ್ಲದಿದ್ದರೆ ದೊಡ್ಡ ಪಕ್ಷದವರು ಹೇಳಿದ್ದೇ ಜಿಲ್ಲೆಯ ಮಾತಾಗುತ್ತದೆ.

ಹಳೆಯ ಮತದಾರರ ಪಟ್ಟಿಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಅವು ಬರೀ ಚುನಾವಣೆಯ ಕಾಗದ ಅಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಊರೇ ಮುಳುಗಿತು. ಆಮೇಲೆ ತಾಲೂಕಿನ ಕೇಂದ್ರ ಜೋಯ್ಡಾಕ್ಕೆ ಬಂತು. ಕಾಳಿಯ ಮೇಲೆ ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು ಬಂದವು, ದಡದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ ಬಂತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಆಯಿತು. ಕಾರವಾರ, ಅಂಕೋಲೆಯ ಕಡಲಂಚಿನ ಕುಟುಂಬಗಳು ಮನೆ, ತೆಂಗಿನ ತೋಟ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಆ ಊರುಗಳಲ್ಲಿ ಮತಗಟ್ಟೆಗಳಿದ್ದವು. ಯಾರ ಮನೆ ಯಾವ ಊರಿನಲ್ಲಿತ್ತು, ಮನೆಯಲ್ಲಿ ಯಾರಿದ್ದರು, ಅವರ ವಯಸ್ಸೆಷ್ಟು ಎಂದು ಸರ್ಕಾರವೇ ಬರೆದಿಟ್ಟ ಪಟ್ಟಿ ಅದು. ಪರಿಹಾರಕ್ಕೆ ಅಲೆದ ಕುಟುಂಬಗಳಿಗೆ ಆ ಒಂದು ಸಾಲಿನ ಬೆಲೆ ಏನೆಂದು ಗೊತ್ತು. ಕಚೇರಿಗಳಲ್ಲಿ ಉಳಿದಿರುವ ಹಳೆಯ ಪಟ್ಟಿಗಳು ಗೆದ್ದಲಿಗೆ, ಮಳೆಗಾಲದ ಥಂಡಿಗೆ ಹಾಳಾಗುವ ಮೊದಲು ಸ್ಕ್ಯಾನ್ ಮಾಡಿಸಿ. ಈಗ ಇಲ್ಲದ ಊರುಗಳ ಪಟ್ಟಿಯಿಂದಲೇ ಶುರು ಮಾಡಿ. ಬೇರೆ ಕೆಲಸ ಸ್ವಲ್ಪ ತಡವಾದರೂ ಆದೀತು, ಇದು ತಡವಾಗಬಾರದು.

ಖರ್ಚಿನ ಮಾತು ಬರುತ್ತದೆ, ನನಗೆ ಗೊತ್ತು. ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ. ಕಾರವಾರದ ಡಿಸಿ ಕಚೇರಿಯ ಚುನಾವಣಾ ಶಾಖೆ, ಜಿಲ್ಲೆಯ ಡಿಗ್ರಿ ಕಾಲೇಜುಗಳ ಇತಿಹಾಸ ಮತ್ತು ರಾಜ್ಯಶಾಸ್ತ್ರ ವಿಭಾಗಗಳು ಕೂಡಿದರೆ ಸಾಕು. ಪ್ರತಿ ಚುನಾವಣೆಯಲ್ಲೂ ಮತದಾನ ಜಾಗೃತಿಗೆ ಮಕ್ಕಳಿಂದ ಜಾಥಾ ಮಾಡಿಸುತ್ತೀರಿ, ರಂಗೋಲಿ ಹಾಕಿಸುತ್ತೀರಿ. ಅದೇ ಮಕ್ಕಳಿಗೆ ಒಂದೊಂದು ಚುನಾವಣೆಯನ್ನು ಹಂಚಿಕೊಡಿ. ಅವರು ಅಜ್ಜ ಅಜ್ಜಿಯರ ಹತ್ತಿರ ಕೂತು ಕೇಳಿ ಬರೆಯಲಿ. ಹಾಲಕ್ಕಿ ಕೇರಿಗೆ, ಸಿದ್ದಿಗಳ ಊರಿಗೆ, ಕುಣಬಿಗಳ ವಾಡೆಗೆ, ಖಾರ್ವಿಗಳ ಓಣಿಗೆ ಹೋಗಲಿ. ಗೆದ್ದವರ ಹೆಸರು ಆಯೋಗದ ವರದಿಯಲ್ಲಿ ಸಿಗುತ್ತದೆ. ನದಿ ದಾಟಿ ವೋಟು ಹಾಕಲು ಹೋದ ಅಜ್ಜಿಯ ಮಾತು ಯಾವ ವರದಿಯಲ್ಲೂ ಸಿಗುವುದಿಲ್ಲ.

ಮತದಾರ ಬಂಧುಗಳೇ, ನಿಮ್ಮ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಚುನಾವಣೆಯ ಕರಪತ್ರ, ಬ್ಯಾಡ್ಜು, ಪತ್ರಿಕೆಯ ತುಣುಕು, ಸಭೆಯ ಫೋಟೋ ಇರಬಹುದು. ಎಸೆಯಬೇಡಿ. ಗೆದ್ದವರದೇ ಆಗಬೇಕೆಂದಿಲ್ಲ. ಠೇವಣಿ ಕಳೆದುಕೊಂಡವರ ಕರಪತ್ರದಲ್ಲೂ ಆ ಕಾಲದ ಊರಿನ ಬೇಡಿಕೆ ಇರುತ್ತದೆ. ಹಿಂದೆ ಮತಗಟ್ಟೆಯಲ್ಲಿ ಕೆಲಸ ಮಾಡಿದ ಶಿಕ್ಷಕರು, ಗ್ರಾಮ ಲೆಕ್ಕಿಗರು ನಿವೃತ್ತರಾಗಿ ಊರಲ್ಲಿದ್ದಾರೆ. ಅವರೂ ಬರೆದುಕೊಡಲಿ.

ಅಧಿಕಾರಿಗಳೇ, ಇದಕ್ಕಾಗಿ ಪ್ರತಿ ತಹಶೀಲ್ದಾರ್ ಕಚೇರಿಯಲ್ಲಿ ಒಬ್ಬ ಸಿಬ್ಬಂದಿಯನ್ನು ಗೊತ್ತು ಮಾಡಿ. ಜನ ತಂದುಕೊಟ್ಟ ಕಾಗದದ ನಕಲು ತೆಗೆದುಕೊಂಡು ಮೂಲವನ್ನು ಅವರಿಗೇ ಮರಳಿಸಲಿ, ರಸೀತಿ ಕೊಡಲಿ. ಮರುವಿಂಗಡಣೆಯ ಕರಡು ಬಂದಾಗ ನಮ್ಮ ಭಾಗದ ಅಹವಾಲು ಸಭೆಯನ್ನು ದೂರದ ಊರಿನಲ್ಲಿ ಇಡದಂತೆ ಆಯೋಗಕ್ಕೆ ಈಗಲೇ ಬರೆಯಿರಿ. ಘಟ್ಟದ ಕೆಳಗೆ ಒಂದು, ಘಟ್ಟದ ಮೇಲೆ ಒಂದು ಸಭೆ ಬೇಕು. ಕುಮಟಾ ಮತ್ತು ಶಿರಸಿ ಆದರೆ ಹೆಚ್ಚಿನವರು ಬಸ್ಸಿನಲ್ಲಿ ಬಂದು ಅದೇ ದಿನ ಮನೆ ಸೇರಬಹುದು. ಆ ಸಭೆಗೆ ಒಂದು ತಿಂಗಳು ಮೊದಲು ಹಳೆಯ ನಕ್ಷೆಗಳನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ನೀವು ಏನು ನಿರ್ಧರಿಸಿದಿರಿ ಎಂಬುದನ್ನು ಪತ್ರಿಕೆಗಳ ಮೂಲಕ ನಮಗೆಲ್ಲ ತಿಳಿಸಿ.

ಇಂತಿ,
ಅಂಕೋಲಾ ತಾಲೂಕಿನ ಒಬ್ಬ ಮತದಾರ